ಸ್ವಂತ ಖರ್ಚಿನಲ್ಲಿ ನಾಟಕ: ಹಾಸನದಲ್ಲಿ ಮಾಡಿದವರು ಹೇಳಿ

ಕೇಳಿದವರು: ನಾವು ಹಾಸನದ ಆರು ಜನ ಗೆಳೆಯರು. ಎಲ್ಲರೂ ಕೆಲಸದಲ್ಲಿ ಇರುವವರು. ಒಂದು ಗಂಟೆಯ ನಾಟಕ ಮಾಡುವ ಆಸೆ. ಪ್ರಾಯೋಜಕರಿಲ್ಲ, ಕೈಯಲ್ಲಿರುವುದು 25,000 ರೂಪಾಯಿ. ಹಾಸನಾಂಬ ಕಲಾಕ್ಷೇತ್ರದಲ್ಲೇ ಮಾಡೋಣ ಅಂತ ಕೆಲವರ ಹಟ. ಏನು ಮಾಡಲಿ?

ಹಾಸನದ ಹವ್ಯಾಸಿ ತಂಡದವರು: ಮೊದಲ ಪ್ರದರ್ಶನಕ್ಕೆ ದೊಡ್ಡ ಸಭಾಂಗಣ ಬೇಡವೇ ಬೇಡ. ಬಾಡಿಗೆ ಕೊಟ್ಟರೆ ಮುಗಿಯಲಿಲ್ಲ. ಅಷ್ಟು ದೊಡ್ಡ ಜಾಗಕ್ಕೆ ಮೈಕು ಬೇಕು, ಲೈಟು ಜಾಸ್ತಿ ಬೇಕು, ಹಿಂದಿನ ಪರದೆ ಬೇಕು. ಅಷ್ಟೆಲ್ಲಾ ಮಾಡಿ ಅರವತ್ತು ಜನ ಬಂದರೆ ಸಭಾಂಗಣ ಖಾಲಿ ಖಾಲಿ ಕಾಣುತ್ತದೆ. ಅದೇ ಅರವತ್ತು ಜನ ಶಾಲೆಯ ಹಾಲ್‌ನಲ್ಲಿ ಕೂತರೆ ತುಂಬಿದ ಮನೆ, ಅಲ್ವಾ? ಮೈಕೂ ಬೇಡ.

ನನ್ನ ಪ್ರಕಾರ ಮುಖ್ಯ ವಿಷಯ ಒಂದೇ: ಒಂದು ರಾತ್ರಿಗೆ ಎಲ್ಲ ದುಡ್ಡು ಸುರಿಯಬೇಡಿ. ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಟಕ ಒಂದೇ ಪ್ರದರ್ಶನಕ್ಕೆ ನಿಂತುಹೋದರೆ ಹೊಟ್ಟೆ ಉರಿಯುತ್ತದೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ಸಂಚಾರಿ ತಂಡ ‘ತಿರುಗಾಟ’ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ನಮ್ಮದು ಅಷ್ಟು ದೊಡ್ಡ ತಂಡವಲ್ಲ, ನಿಜ. ಆದರೆ ಸಾಮಾನು ಒಂದು ಓಮ್ನಿಯಲ್ಲಿ ಹಿಡಿಯುವ ಹಾಗಿದ್ದರೆ ಬೇಲೂರು, ಆಲೂರು, ಸಕಲೇಶಪುರಕ್ಕೂ ಹೋಗಬಹುದು. ನಾಲ್ಕು ಸ್ಟೂಲು, ಒಂದು ಬೆಂಚು ಸಾಕು. ಉಳಿದದ್ದನ್ನು ನಟರು ಕಾಣಿಸಲಿ.

ನಟರ ಬಸ್ಸು, ಊಟದ ದುಡ್ಡಿನಲ್ಲಿ ಮಾತ್ರ ಉಳಿಸಬೇಡಿ. ಹಳ್ಳಿಯಿಂದ ಬರುವವರ ಕೊನೆ ಬಸ್ಸಿನ ಹೊತ್ತು ನೋಡಿಕೊಂಡು ತಾಲೀಮು ಮುಗಿಸಿ. ಇಲ್ಲದಿದ್ದರೆ ಹುಡುಗಿಯರು ಬರುವುದು ಮೊದಲು ನಿಲ್ಲುತ್ತದೆ. ಪ್ರತಿಭೆ ಇರುವವರನ್ನು ಹಾಗೆ ಕಳೆದುಕೊಳ್ಳಬಾರದು.

ಬೆಳಕಿನ ಕೆಲಸ ಮಾಡುವವರು: ಶಾಲೆಯ ಹಾಲ್‌ನಲ್ಲಿ ವೈರಿಂಗ್ ಮೊದಲು ನೋಡಿ. 1,000 ವ್ಯಾಟ್‌ನ ಒಂದು ಲೈಟು ಸುಮಾರು ನಾಲ್ಕೂಕಾಲು ಆಂಪ್ ಎಳೆಯುತ್ತದೆ. 15 ಆಂಪ್‌ನ ಪ್ಲಗ್ಗಿಗೆ ಮೂರರ ಮೇಲೆ ಹಾಕಬೇಡಿ. ಕಡಿಮೆ ಕರೆಂಟು ಎಳೆಯುವ ಎಲ್‌ಇಡಿ ಪಾರ್ ಲೈಟು ಸಿಕ್ಕರೆ ಈ ತಲೆನೋವೇ ಇಲ್ಲ.

ಚಿಕ್ಕಮಗಳೂರಿನವರು: ತಿಂಗಳು ನೋಡಿ ಹೊರಡಿ. ಮಳೆಗಾಲದಲ್ಲಿ ತಗಡಿನ ಸೂರಿನ ಹಾಲ್ ಹಿಡಿದರೆ ಒಂದು ಮಾತೂ ಕೇಳಿಸುವುದಿಲ್ಲ. ನಮ್ಮ ಕಡೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದವರು ಬರುವುದು ಕಷ್ಟ. ಮಾರ್ಚ್‌ನಲ್ಲಿ ಪರೀಕ್ಷೆ, ಶಾಲೆಯೇ ಸಿಗುವುದಿಲ್ಲ.

ಇನ್ನೊಂದು, ನಾಟಕಕಾರರ ಒಪ್ಪಿಗೆ. ಸುಮ್ನೆ ಪುಸ್ತಕ ಕೊಂಡು ಆಡುವುದು ಸರಿಯಲ್ಲ. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಮನೆಯವರಿಗೆ ಇರುತ್ತದೆ, ಅನುವಾದಕರದ್ದು ಬೇರೆ. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ಕನ್ನಡ ನಾಟಕಗಳಿಗೆ ಈಗ ಯಾರನ್ನೂ ಕೇಳಬೇಕಿಲ್ಲ. ಉಳಿದವರಿಗೆ ಒಂದು ಪತ್ರ ಬರೆಯಿರಿ. ಸಣ್ಣ ತಂಡ ಅಂತ ಬಜೆಟ್ ಸಮೇತ ಹೇಳಿ. ನಾವು ಬರೆದಾಗ ಸಂತೋಷದಿಂದಲೇ ಒಪ್ಪಿದ್ದಾರೆ.

ಹಾಸನದ ಹವ್ಯಾಸಿ ತಂಡದವರು: ಟಿಕೆಟ್ ಮಾತ್ರ ಇಡಿ, 50 ರೂಪಾಯಿ ಆದರೂ ಸರಿ. ಪುಕ್ಕಟೆ ಪಾಸು ತೆಗೆದುಕೊಂಡವರು ಮಳೆ ಹನಿ ಬಿದ್ದರೆ ಮನೆಯಲ್ಲೇ ಉಳಿಯುತ್ತಾರೆ. ನಮ್ಮಲ್ಲಿ ಕಪ್ಪು ಪರದೆ ಇದೆ. ದಿನ ಗೊತ್ತಾದರೆ ಹೇಳಿ, ಬಂದು ಒಯ್ಯಿರಿ. ಬಾಡಿಗೆ ಬೇಡ.