ತಂಗಿಗೆ ಹೆಸರಿರೋ ಕಾಲೇಜಾ, ಸ್ಕಾಲರ್‌ಶಿಪ್ ಕೊಡೋ ಕಾಲೇಜಾ? ಶುಕ್ರವಾರದೊಳಗೆ ಹೇಳ್ಬೇಕು

ಲಗ್ಗೆರೆ_ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದಾಳೆ, ಒಳ್ಳೇ ಮಾರ್ಕ್ಸ್. ಕಾಮೆಡ್‌ಕೆ (ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜುಗಳ ಎಂಟ್ರೆನ್ಸ್) ಕೌನ್ಸೆಲಿಂಗಲ್ಲಿ ಸೌತ್ ಕಡೆ ಇರೋ ಒಂದು ಹಳೇ ಕಾಲೇಜಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸೀಟ್ ಬಂದಿದೆ, ಹೆಸರು ಹೇಳಿದ್ರೆ ಬೆಂಗಳೂರಲ್ಲಿ ಯಾರಾದ್ರೂ ಓಹೋ ಅಂತಾರೆ ಅಂಥ ಕಾಲೇಜು. ಫೀಸು ವರ್ಷಕ್ಕೆ 2.8 ಲಕ್ಷ. ಇನ್ನೊಂದು, ಯಲಹಂಕ ದಾಟಿದ ಮೇಲೆ ಸಿಗೋ ಒಂದು ಹೊಸ ಪ್ರೈವೇಟ್ ಯೂನಿವರ್ಸಿಟಿ, ಅವರು ಪಿಯುಸಿ ಮಾರ್ಕ್ಸ್ ನೋಡಿ ಟ್ಯೂಷನ್ ಫೀ ಪೂರ್ತಿ ಮಾಫಿ ಅಂತ ಲೆಟರ್ ಕಳ್ಸಿದಾರೆ, ಅಲ್ಲಿ ಕಂಪ್ಯೂಟರ್ ಸೈನ್ಸ್. ಶುಕ್ರವಾರದೊಳಗೆ 25 ಸಾವಿರ ಕಟ್ಟಿ ಸೀಟ್ ಬ್ಲಾಕ್ ಮಾಡ್ಕೊಳ್ಳಿ ಅಂತ ದಿನಕ್ಕೆ ಎರಡ್ ಸಲ ಫೋನ್ ಬರ್ತಿದೆ.

ನಮ್ ಅಪ್ಪಂದು ಟೀ ಅಂಗಡಿ. ನಾನು ಡಿಪ್ಲೊಮಾ ಮಾಡಿ ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಿಎನ್‌ಸಿ ಮೆಷಿನ್ ಸೆಟ್ಟರ್, ಕೈಗೆ 24 ಸಾವಿರ ಬರತ್ತೆ. ಹೆಂಗೋ ಮಾಡಿ ವರ್ಷಕ್ಕೆ 80 ಸಾವಿರ ಹೊಂದಿಸಬಹುದು, ಮಿಕ್ಕಿದ್ದಕ್ಕೆ ಲೋನ್ ಮಾಡ್ಬೇಕು, ಇಲ್ಲಾಂದ್ರೆ ನೆಲಮಂಗಲದ ಹತ್ರ ಅಪ್ಪ ಚೀಟಿ ಹಾಕಿ ಹಾಕಿ ತಗೊಂಡಿರೋ ಒಂದು 20x30 ಅಡಿ ಸೈಟ್ ಮಾರ್ಬೇಕು. ಅಪ್ಪ ಮಾರಿಬಿಡೋಣ ಅಂತ ಟ್ರಂಕಿಂದ ಪತ್ರ ತೆಗೆದು ಟೀವಿ ಮೇಲೆ ಇಟ್ಟಿದಾರೆ. ತಂಗಿ ಅದನ್ನ ನೋಡಿದಾಗಿಂದ ನಂಗೆ ಯಲಹಂಕನೇ ಸಾಕು ಕಣೋ ಅಂತಿದಾಳೆ.

ಆದ್ರೆ ನಂಗೆ ಗೊತ್ತು ಅವಳಿಗೆ ಇಷ್ಟ ಎಲೆಕ್ಟ್ರಾನಿಕ್ಸ್ ಅಂತ. ಹೋದ ವರ್ಷ ಮನೇಲಿ ಎಮರ್ಜೆನ್ಸಿ ಲೈಟ್ ಕೆಟ್ಟಾಗ ತಾನೇ ಬಿಚ್ಚಿ, ಒಳಗೆ ಒಂದು ಕೆಪಾಸಿಟರ್ ಊದ್ಕೊಂಡಿರೋದು ಕಂಡುಹಿಡಿದು, ನನ್ನನ್ನ ಎಸ್‌ಪಿ ರೋಡಿಗೆ ಎಳ್ಕೊಂಡು ಹೋಗಿ, ಅಂಗಡಿಯೋರಿಗೆ ವೋಲ್ಟು ಮೈಕ್ರೋಫ್ಯಾರಡ್ ಎಲ್ಲ ಸರಿಯಾಗಿ ಹೇಳಿ ತಗೊಂಡ್ಳು. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಕೊಂಡ್ಳು, ಲೈಟ್ ಇವತ್ತಿಗೂ ಉರಿತಿದೆ. ಅಂಥವಳನ್ನ ದುಡ್ಡಿಲ್ಲ ಅಂತ ಬೇರೆ ಬ್ರಾಂಚಿಗೆ ಸೇರಿಸಿದ್ರೆ ನಾನು ಯಾವತ್ತೂ ಮರೆಯಲ್ಲ. ಸಿಇಟಿ (ರಾಜ್ಯ ಸರ್ಕಾರದ ಎಂಟ್ರೆನ್ಸ್) ಬರೆದಿದಾಳೆ, ರ‍್ಯಾಂಕೂ ಇದೆ, ಆದ್ರೆ ಫಸ್ಟ್ ರೌಂಡ್ ಇನ್ನೂ ಬಂದಿಲ್ಲ, ಸಿಇಟಿ ಕಾಯ್ತಾ ಕೂತ್ರೆ ಇದ್ದ ಎರಡೂ ಹೋಗತ್ತೆ ಅಂತ ಒಬ್ರು ಏಜೆಂಟ್ ಹೆದರಿಸಿದಾರೆ. ಗೊತ್ತಿರೋರು ಹೇಳಿ.

ಮೂರನೇ_ಸೆಮ್

ಅಣ್ಣ, ಮೊದಲು ಆ ಸ್ಕಾಲರ್‌ಶಿಪ್ ಲೆಟರನ್ನ ಕೊನೇ ಸಾಲಿನವರೆಗೂ ಓದಿ, ಒಂದ್ ಸಲ ಅಲ್ಲ ಎರಡ್ ಸಲ. ನಂಗೂ ಇದೇ ಥರ ಒಂದು ಕಾಲೇಜಲ್ಲಿ ಪೂರ್ತಿ ಟ್ಯೂಷನ್ ಫೀ ಮಾಫಿ ಅಂತ ಸಿಕ್ಕಿತ್ತು, ಮನೇಲಿ ಹೋಳಿಗೆ ಮಾಡಿದ್ರು. ಲೆಟರಿನ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಪ್ರತಿ ಸೆಮಿಸ್ಟರ್ ಹತ್ತಕ್ಕೆ 8.5 ಸಿಜಿಪಿಎ (ಗ್ರೇಡ್ ಸರಾಸರಿ) ಇರ್ಬೇಕು ಅಂತ ಇತ್ತು, ಅಪ್ಪ ಅಮ್ಮ ಇಬ್ರೂ ಇಂಗ್ಲಿಷ್ ಓದಲ್ಲ, ನಾನು ಓದಿದ್ರೂ 8.5 ಏನ್ ಮಹಾ, ಪಿಯುಸೀಲಿ 94 ಪರ್ಸೆಂಟ್ ಬಂದಿದೆ ಅಂದ್ಕೊಂಡೆ. ಎರಡು ಸೆಮ್ ಬಂತು. ಮೂರನೇದರಲ್ಲಿ ನಂಗೆ ಡೆಂಗ್ಯೂ ಆಗಿ ಹದಿನೆಂಟು ದಿನ ಕ್ಲಾಸ್ ಹೋಯ್ತು, 8.1ಕ್ಕೆ ನಿಂತೆ. ಅಷ್ಟೇ, ಮುಂದಿನ ವರ್ಷ ಪೂರ್ತಿ ಫೀಸ್ ಕಟ್ಟಿ ಅಂತ ಮೇಲ್ ಬಂತು, ಹತ್ತು ದಿನ ಟೈಮು. ಆಸ್ಪತ್ರೆ ಪೇಪರ್ ಎಲ್ಲ ತಗೊಂಡ್ ಹೋಗಿ ಕೇಳಿದ್ವಿ, ರೂಲ್ ರೂಲೇ ಅಂದ್ರು. ಅಮ್ಮನ ಬಳೆ ಅಡ ಇಟ್ಟು ಕಟ್ಟಿದ್ವಿ, ಈಗ್ಲೂ ಬಿಡಿಸಿಕೊಂಡಿಲ್ಲ. ಆ ಹೊತ್ತಲ್ಲಿ ಬೇರೆ ಕಾಲೇಜಿಗೆ ಹೋಗೋದೂ ಸುಲಭ ಅಲ್ಲ, ಹಂಗಾಗಿ ಅವರು ಕೇಳಿದಷ್ಟು ಕೊಡ್ಲೇಬೇಕು.

ಕೇಳಬೇಕಾದ್ದು: ಮಾಫಿ ಒಂದು ವರ್ಷಕ್ಕಾ ನಾಲ್ಕು ವರ್ಷಕ್ಕಾ, ಎಷ್ಟು ಸಿಜಿಪಿಎ ಬೇಕು, ಒಂದ್ ಸಲ ಕಮ್ಮಿ ಆದ್ರೆ ಆಮೇಲೆ ವಾಪಸ್ ಸಿಗತ್ತಾ, ಒಂದ್ ಸಬ್ಜೆಕ್ಟ್ ಬ್ಯಾಕ್ ಆದ್ರೆ ಏನು. ಟ್ಯೂಷನ್ ಫೀ ಬಿಟ್ಟು ಬಸ್ಸು, ಎಕ್ಸಾಮ್ ಫೀ, ಲ್ಯಾಬು, ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ಏನೇನ್ ಇದೆ ಎಲ್ಲ ಸೇರಿಸಿ ಎಷ್ಟು. ಫೋನಲ್ಲಿ ಹೇಳಿದ್ದನ್ನ ಲೆಕ್ಕಕ್ಕೆ ತಗೋಬೇಡಿ, ಮೇಲಲ್ಲಿ ಬರೆದು ಕೊಡಿ ಅನ್ನಿ. ಕೊಡಲ್ಲ ಅಂದ್ರೆ ಅಲ್ಲೇ ಗೊತ್ತಾಗತ್ತೆ.

ಬೋರ್ಡ್_ಬ್ರಿಂಗಪ್

ನಾನು ಹಾರ್ಡ್‌ವೇರ್ ಕಂಪನೀಲಿ ಹನ್ನೊಂದು ವರ್ಷದಿಂದ ಇದೀನಿ, ಫ್ರೆಶರ್ಸ್ ಇಂಟರ್ವ್ಯೂಗೆ ಪ್ರತಿ ವರ್ಷ ಹೋಗ್ತೀನಿ. ಹೆಸರು ಮುಖ್ಯ ಅಲ್ಲ ಅಂತ ಹೇಳೋಕೆ ನಂಗೆ ಮನಸ್ಸು ಬರಲ್ಲ. ನಾವು ಹೋಗೋ ಕ್ಯಾಂಪಸ್‌ಗಳು ಬೆರಳೆಣಿಕೆ, ಆ ಲಿಸ್ಟಲ್ಲಿ ಇಲ್ಲದ ಕಾಲೇಜಿನ ಹುಡುಗ ಹುಡುಗೀರು ಎಷ್ಟೇ ಚೆನ್ನಾಗಿದ್ರೂ ನಮ್ ಮುಂದೆ ಬಂದು ಕೂರೋ ಅವಕಾಶನೇ ಸಿಗಲ್ಲ, ನಂಗೆ ಇದು ಬೇಜಾರಿನ ವಿಷ್ಯ ಆದ್ರೂ ಇರೋದು ಹೀಗೇ. ಎಲೆಕ್ಟ್ರಾನಿಕ್ಸ್ ಕೋರ್ ಕೆಲ್ಸಕ್ಕಂತೂ ಜಾಸ್ತಿನೇ. ಆದ್ರೆ ಹೆಸರಿನ ಬೆಲೆ ಮೊದಲನೇ ಕೆಲ್ಸದ ತನಕ, ಎರಡು ಮೂರು ವರ್ಷ ಆದ್ಮೇಲೆ ಏನ್ ಮಾಡಿದೀಯ ಅಂತ ಕೇಳ್ತಾರೆ.

ಇಂಟರ್ವ್ಯೂಲಿ ನಾನು ಮೊದಲು ಕೇಳೋದು ಒಂದು ರೆಸಿಸ್ಟರ್ ಒಂದು ಕೆಪಾಸಿಟರ್ ಬರೆದು ಔಟ್‌ಪುಟ್ ಹೆಂಗ್ ಬರತ್ತೆ ಗೆರೆ ಎಳಿ ಅಂತ. ದೊಡ್ಡ ಕಾಲೇಜಿನೋರೂ ಎಷ್ಟೋ ಜನ ತಡವರಿಸ್ತಾರೆ. ಎಸ್‌ಪಿ ರೋಡಿಗೆ ಹೋಗಿ ಕೆಪಾಸಿಟರ್ ತಂದ ಹುಡುಗಿ ತಡವರಿಸಲ್ಲ. ಅವಳ ಬ್ರಾಂಚ್ ಮಾತ್ರ ಬದಲಾಯಿಸಬೇಡಿ. ಕಾಲೇಜಿನೋರು ಹೈಯೆಸ್ಟ್ ಪ್ಯಾಕೇಜ್ ಬ್ಯಾನರ್ ತೋರಿಸಿದ್ರೆ ಬಿಡಿ, ಆ ಬ್ರಾಂಚಲ್ಲಿ ಎಷ್ಟು ಜನಕ್ಕೆ ಕೆಲ್ಸ ಆಯ್ತು, ಮಧ್ಯದಲ್ಲಿರೋನಿಗೆ ಎಷ್ಟು ಸಂಬಳ, ಅದನ್ನ ಕೇಳಿ.

ಲೋನ್_ಡೆಸ್ಕ್

ಬ್ಯಾಂಕಲ್ಲಿ ಕೆಲ್ಸ ಮಾಡ್ತೀನಿ, ಲೆಕ್ಕ ಹೇಳ್ತೀನಿ ನೋಡಿ. ವರ್ಷಕ್ಕೆ 2 ಲಕ್ಷದ ಥರ ನಾಲ್ಕು ವರ್ಷಕ್ಕೆ 8 ಲಕ್ಷ ಲೋನ್ ಅಂದ್ಕೊಳ್ಳಿ, ಬಡ್ಡಿ ಶೇ. 10. ಕೋರ್ಸ್ ಮುಗಿದು ಒಂದು ವರ್ಷದ ತನಕ ಇಎಂಐ ಇರಲ್ಲ, ಆದ್ರೆ ಬಡ್ಡಿ ನಡೀತಾನೇ ಇರತ್ತೆ. ಮೊದಲನೇ ವರ್ಷದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ 1 ಲಕ್ಷ, ಎರಡನೇದಕ್ಕೆ 80 ಸಾವಿರ, ಮೂರನೇದಕ್ಕೆ 60, ನಾಲ್ಕನೇದಕ್ಕೆ 40, ಒಟ್ಟು 2.8 ಲಕ್ಷ. ಇಎಂಐ ಶುರುವಾಗೋ ಹೊತ್ತಿಗೆ 8 ಹೋಗಿ 10.8 ಲಕ್ಷ ಆಗಿರತ್ತೆ. ಅದನ್ನ ಹತ್ತು ವರ್ಷ ಕಟ್ಟಿದ್ರೆ ತಿಂಗಳಿಗೆ 14,270ರ ಆಸುಪಾಸು, ಕೊನೆಗೆ ಕಟ್ಟಿರೋದು 17 ಲಕ್ಷ ದಾಟತ್ತೆ. ಹೆದರಿಸ್ತಿಲ್ಲ, ಗೊತ್ತಿದ್ದು ಸಹಿ ಹಾಕ್ಲಿ ಅಂತ.

ಸೈಟ್ ಮಾತ್ರ ಮಾರಬೇಡಿ, ಈಗಲೇ ಬೇಕಾಗಿಲ್ಲ. 2024ರ ನವೆಂಬರಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಅಂತ ಸ್ಕೀಮ್ ಒಪ್ಪಿದೆ, ಅವರ ಲಿಸ್ಟಲ್ಲಿರೋ ಕಾಲೇಜಿಗೆ ಮೆರಿಟ್ ಮೇಲೆ ಸೇರಿದ್ರೆ ಅಡಮಾನ ಇಲ್ಲ, ಗ್ಯಾರಂಟಿ ಇಲ್ಲ. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತಗೊಳ್ತಿಲ್ಲ ಅಂದ್ರೆ 10 ಲಕ್ಷದವರೆಗಿನ ಲೋನಿಗೆ ಇಎಂಐ ಶುರುವಾಗೋ ತನಕ ಬಡ್ಡೀಲಿ ಶೇ. 3 ಸರ್ಕಾರ ಕೊಡತ್ತೆ. ಮ್ಯಾನೇಜ್‌ಮೆಂಟ್ ಸೀಟಿಗೆ ಸಿಗಲ್ಲ. ಕಾಲೇಜು ಲಿಸ್ಟಲ್ಲಿ ಇದೆಯಾ ಅಂತ ಪೋರ್ಟಲಲ್ಲೇ ನೋಡಬಹುದು. ಆದಾಯ ಪ್ರಮಾಣ ಪತ್ರ ಇವತ್ತೇ ನಾಡಕಚೇರೀಲಿ ಹಾಕಿ, ಎಲ್ಲಕ್ಕೂ ಅದು ಬೇಕಾಗತ್ತೆ.

ಕೆಆರ್_ಸರ್ಕಲ್_ಹಳಬ

ಎಲ್ಲರೂ ಎರಡರಲ್ಲಿ ಒಂದು ಅಂತ ಮಾತಾಡ್ತಿದೀರ, ಮೂರನೇ ದಾರಿ ಕಣ್ಮುಂದೆನೇ ಇದೆಯಲ್ಲ! ಸಿಇಟಿ ರ‍್ಯಾಂಕ್ ಇದೆ ಅಂತೀರ, ಆಪ್ಷನ್ ಎಂಟ್ರೀಲಿ (ಬೇಕಾದ ಕಾಲೇಜು, ಬ್ರಾಂಚ್ ಸಾಲಾಗಿ ತುಂಬೋದು) ಯುವಿಸಿಇ, ಅಂದ್ರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್, ಹಾಕಿದೀರಾ? 1917ರಲ್ಲಿ ವಿಶ್ವೇಶ್ವರಯ್ಯನೋರು ಶುರು ಮಾಡಿದ ಕಾಲೇಜು, ಸರ್ಕಾರಿ ಫೀಸು, 2021ರ ಕಾಯ್ದೆ ಆದ್ಮೇಲೆ ಬೆಂಗಳೂರು ಯೂನಿವರ್ಸಿಟಿಯಿಂದ ಬೇರೆಯಾಗಿ ಸ್ವಂತ ಯೂನಿವರ್ಸಿಟಿ ಆಗಿದೆ. ಬಿಲ್ಡಿಂಗ್ ಹಳೇದು, ಪ್ರೈವೇಟ್ ಕಾಲೇಜಿನ ಗಾಜು ಏಸಿ ಏನೂ ಇಲ್ಲ, ಆದ್ರೆ ಅಲ್ಲಿಂದ ಬಂದೋರು ಎಲ್ಲಾ ಕಂಪನೀಲೂ ಇದಾರೆ. ಪೀಣ್ಯದಿಂದ ಗ್ರೀನ್ ಲೈನ್, ಮೆಜೆಸ್ಟಿಕ್ಕಲ್ಲಿ ಪರ್ಪಲ್ಲಿಗೆ ಬದಲಾಯಿಸಿ ಸರ್ ಎಂ ವಿಶ್ವೇಶ್ವರಯ್ಯ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡೇ ಹೋಗಬಹುದು.

ಯುವಿಸಿಇ ಸಿಗದಿದ್ರೂ, ಈಗ ಕಾಮೆಡ್‌ಕೇಲಿ ಬಂದಿರೋ ಅದೇ ಥರದ ಕಾಲೇಜಿಗೆ ಸಿಇಟಿ ಸರ್ಕಾರಿ ಕೋಟಾದಲ್ಲಿ ಹೋದ್ರೆ ಫೀಸು ಒಂದು ಲಕ್ಷದ ಆಸುಪಾಸು. ಅದೇ ಬೆಂಚು, ಅದೇ ಮೇಷ್ಟ್ರು! ಇನ್ನೂ ಎರಡು ವಿಷ್ಯ: ತಂಗಿ 1ರಿಂದ 10ನೇ ಕ್ಲಾಸ್ ಕನ್ನಡ ಮೀಡಿಯಮ್ಮಾ? ಹಾಗಿದ್ರೆ ಶೇ. 5 ಸೀಟು ಕನ್ನಡ ಮೀಡಿಯಂ ಮೀಸಲಾತಿ ಇದೆ. ಆದಾಯ 8 ಲಕ್ಷದೊಳಗೆ ಇದ್ರೆ ಎಸ್‌ಎನ್‌ಕ್ಯೂ ಸೀಟು (ಆದಾಯ ಕಮ್ಮಿ ಇರೋ ಮಕ್ಕಳಿಗೆ ಅಂತ ಇರೋ ಹೆಚ್ಚುವರಿ ಸೀಟು), ಅದರಲ್ಲಿ ಟ್ಯೂಷನ್ ಫೀ ಇಲ್ಲ, ಸಿಜಿಪಿಎ ಕಾಟನೂ ಇಲ್ಲ. ಎರಡನ್ನೂ ಅಪ್ಲಿಕೇಷನ್ನಲ್ಲಿ ಕ್ಲೇಮ್ ಮಾಡಿದೀರಾ ನೋಡಿ.

ಆಪ್ಷನ್ ಜೋಡಿಸುವಾಗ ನಿಮಗೆ ನಿಜವಾಗ್ಲೂ ಬೇಕಾಗಿರೋದು ಮೇಲೆ, ಬರತ್ತೋ ಇಲ್ವೋ ಅಂತ ಯೋಚಿಸಿ ಕೆಳಗಿಡಬೇಡಿ. ಸೀಟ್ ಬಂದ್ಮೇಲೆ ಅದಕ್ಕಿಂತ ಕೆಳಗಿರೋ ಆಪ್ಷನ್‌ಗಳು ಹೋಗ್ತವೆ. ಚಾಯ್ಸ್ 2 ಕೊಟ್ಟು ಫೀಸ್ ಕಟ್ಟಿದ್ರೆ ಬಂದ ಸೀಟು ಕೈಲಿ ಇಟ್ಕೊಂಡೇ ಮೇಲಿನದಕ್ಕೆ ಕಾಯಬಹುದು. ಕಾಮೆಡ್‌ಕೇಲೂ ಅಕ್ಸೆಪ್ಟ್ ಅಂಡ್ ಅಪ್‌ಗ್ರೇಡ್ ಇದೆ, ಆದ್ರೆ ಕ್ಯಾನ್ಸಲ್ ಮಾಡೋಕೆ ಕೊನೇ ದಿನ ಯಾವುದು ಅಂತ ಅವರ ವೆಬ್‌ಸೈಟಲ್ಲಿ ನೋಡ್ಕೊಂಡು ಕಾಲೆಂಡರಲ್ಲಿ ಗುರುತು ಹಾಕಿ, ಅದು ದಾಟಿದ್ರೆ ದುಡ್ಡು ಹೋಯ್ತು. ಯಾವ ಕಾಲೇಜಿಗೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಬರಬೇಡಿ, ಇಟ್ಕೊಳ್ಳೋ ಹಾಗಿಲ್ಲ ಅಂತ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ರೂಲ್ ಇದೆ. ಏಜೆಂಟ್ ಮಾತು ಕೇಳಬೇಡಿ, ಅವನಿಗೆ ಸಿಇಟಿ ಸೀಟಿಂದ ಏನೂ ಸಿಗಲ್ಲ.

ವಿಜಯನಗರ_ಅಮ್ಮ

ನಿಮ್ ತಂಗೀನ ಅಪ್ಪ ಅಮ್ಮ ಇಲ್ಲದಾಗ ಒಬ್ಬಳನ್ನೇ ಕೂರಿಸಿ ಕೇಳಪ್ಪ. ಹೆಣ್ಮಕ್ಕಳು ಮನೆ ಕಷ್ಟ ನೋಡಿ ತಮಗೆ ಬೇಡ ಅಂತ ಮೊದಲೇ ಹೇಳ್ಬಿಡ್ತಾರೆ. ನನ್ ಮಗಳೂ ಹಂಗೇ ಮಾಡಿದ್ಳು, ದಿನಾ ಕಾಲೇಜ್ ಬಸ್ಸಲ್ಲೇ ಮೂರೂವರೆ ಗಂಟೆ, ಮನೆಗೆ ಬಂದು ಊಟ ಮಾಡ್ತಾ ಮಾಡ್ತಾ ನಿದ್ದೆ ಹೋಗೋಳು. ನಾಲ್ಕು ವರ್ಷ ಆದ್ಮೇಲೆ ನಂಗೆ ಗೊತ್ತಾಯ್ತು ಅವಳಿಗೆ ಬೇಕಾಗಿದ್ದೇ ಬೇರೆ ಅಂತ.

ಲಗ್ಗೆರೆ_ಅಣ್ಣ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಬ್ಬೊಬ್ಬರಿಗೆ ಬರೆಯೋಕೆ ಆಗ್ಲಿಲ್ಲ, ಶಿಫ್ಟ್ ಇತ್ತು. ನಿನ್ನೆ ರಜೆ ಹಾಕಿ ತಂಗೀನ ಕರ್ಕೊಂಡು ಯಲಹಂಕದ ಕಡೆ ಹೋಗಿ ಬಂದೆ. ಬಸ್ ಫೀ 48 ಸಾವಿರ, ಎಕ್ಸಾಮು ಟ್ರೈನಿಂಗು ಎಲ್ಲ ಸೇರಿ ವರ್ಷಕ್ಕೆ ಲಕ್ಷದ ಹತ್ರ ಬರತ್ತೆ. ಸಿಜಿಪಿಎ ಕಮ್ಮಿ ಆದ್ರೆ ಏನು ಅಂತ ಕೇಳಿದ್ದಕ್ಕೆ ನಿಮ್ ತಂಗಿ ಜಾಣೆ, ಏನೂ ಆಗಲ್ಲ ಅಂದ್ರು, ಬರೆದು ಕೊಡಿ ಅಂದಿದ್ದಕ್ಕೆ ಆಗಲ್ಲ ಅಂದ್ರು. 25 ಸಾವಿರ ಕಟ್ಟಲಿಲ್ಲ. ಮೂರನೇ ಸೆಮ್ ತಮ್ಮ, ನೀನು ಹೇಳಿರಲಿಲ್ಲ ಅಂದ್ರೆ ಕಟ್ಟಿಬಿಡ್ತಿದ್ದೆ.

ವಾಪಸ್ ಬರ್ತಾ ಬಸ್ಸಲ್ಲಿ ವಿಜಯನಗರದ ಅಮ್ಮ ಹೇಳಿದ ಹಾಗೆ ಅವಳನ್ನ ಕೇಳಿದೆ. ಸ್ವಲ್ಪ ಹೊತ್ತು ಕಿಟಕಿ ಕಡೆನೇ ನೋಡ್ತಾ ಇದ್ದು, ಇ ಅಂಡ್ ಸಿ ಎಲ್ಲಿ ಸಿಕ್ಕಿದ್ರೂ ಸರಿ ಕಣೋ, ಸೈಟ್ ಮಾತ್ರ ಮಾರಬೇಡಿ ಅಂದ್ಳು.

ಹತ್ತನೇ ತನಕ ಸರ್ಕಾರಿ ಕನ್ನಡ ಶಾಲೇಲೇ ಓದಿದ್ದು, ಅಪ್ಲಿಕೇಷನ್ ತೆಗೆದು ನೋಡಿದ್ವಿ, ಕನ್ನಡ ಮೀಡಿಯಮ್ಮೂ ಎಸ್‌ಎನ್‌ಕ್ಯೂನೂ ಕ್ಲೇಮ್ ಮಾಡಿದಾಳೆ, ಅವಳೇ ಸೈಬರ್ ಸೆಂಟರಲ್ಲಿ ಕೂತು ತುಂಬಿದ್ದು, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ರಾತ್ರಿ ಆಪ್ಷನ್ ಮತ್ತೆ ಜೋಡಿಸಿದ್ವಿ, ಯುವಿಸಿಇ ಇ ಅಂಡ್ ಸಿ ಮೊದಲನೇದು. ಕಾಮೆಡ್‌ಕೆ ಸೀಟನ್ನ ಅಕ್ಸೆಪ್ಟ್ ಅಂಡ್ ಅಪ್‌ಗ್ರೇಡ್ ಕೊಟ್ಟು ಇಟ್ಕೊಂಡಿದೀವಿ, ಚೀಟಿ ದುಡ್ಡು ಅದಕ್ಕೆ ಹೋಯ್ತು, ಕ್ಯಾನ್ಸಲ್ ಮಾಡೋ ಕೊನೇ ದಿನ ಅಂಗಡಿ ಕಾಲೆಂಡರಲ್ಲಿ ಅಪ್ಪ ಕೆಂಪು ಪೆನ್ನಲ್ಲಿ ಸುತ್ತು ಹಾಕಿದಾರೆ. ಸೈಟ್ ಪತ್ರ ಬೆಳಿಗ್ಗೆ ವಾಪಸ್ ಟ್ರಂಕಿಗೆ ಹೋಯ್ತು. ಫಸ್ಟ್ ರೌಂಡ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ.