ಅಪ್‌ಡೇಟ್: ಕಾಲುದಾರಿಯ ಗೇಟಿಗೆ ಅನುದಾನ ಸಿಕ್ಕಿತು

ಇಂಗ್ಲೆಂಡಿನ ನಮ್ಮ ಹಳ್ಳಿಯ ಹೊಲಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಯಲ್ಲಿ, ಹತ್ತಿ ಇಳಿಯಬೇಕಾದ ಮರದ ತಡಮೆಯನ್ನು ತೆಗೆಸಿ, ವಯಸ್ಸಾದವರೂ ಸುಲಭವಾಗಿ ದಾಟಬಲ್ಲ ಗೇಟು ಹಾಕಿಸಲು ಸಣ್ಣ ಅನುದಾನ ಎಲ್ಲಿ ಸಿಕ್ಕೀತು ಎಂದು ಕೇಳಿದ್ದೆ. ಗೇಟು ಬಂದಿದೆ.

ಫಲ ಕೊಟ್ಟದ್ದು, ಮೊದಲು ಜಮೀನಿನ ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಆಮೇಲೆ ಪ್ಯಾರಿಷ್ ಕೌನ್ಸಿಲ್ (ಹಳ್ಳಿ ಮಟ್ಟದ ಸ್ಥಳೀಯ ಆಡಳಿತ ಮಂಡಳಿ) ಮೂಲಕವೇ ಅರ್ಜಿ ಹಾಕಿಸಿ ಎಂಬ ಸಲಹೆ. ದೊಡ್ಡ ನಿಧಿಯೊಂದಕ್ಕೆ ಬರೆಯುವ ಸಲಹೆ ಕೈಗೂಡಲಿಲ್ಲ. ಒಂದೇ ಒಂದು ಗೇಟಿನ ವೆಚ್ಚ ಅವರ ಕನಿಷ್ಠ ಮೊತ್ತವನ್ನೂ ಮುಟ್ಟುವುದಿಲ್ಲವಂತೆ.

ಅಚ್ಚರಿಯೆನಿಸಿದ್ದು ಕಾನೂನು. 1980ರ ಹೆದ್ದಾರಿ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಾಲುದಾರಿಯ ತಡಮೆ, ಗೇಟುಗಳ ದುರಸ್ತಿ ಮಾಲೀಕರ ಹೊಣೆಯಾದರೂ, ಅವರು ಕೇಳಿದಲ್ಲಿ ಅದಕ್ಕೆ ತಗುಲಿದ ಸಮಂಜಸ ಖರ್ಚಿನ ಕನಿಷ್ಠ ಕಾಲು ಭಾಗವನ್ನು ಹೆದ್ದಾರಿ ಪ್ರಾಧಿಕಾರ (ರಸ್ತೆಗಳ ಜೊತೆಗೆ ಸಾರ್ವಜನಿಕ ಕಾಲುದಾರಿಗಳನ್ನೂ ನೋಡಿಕೊಳ್ಳುವ ಸ್ಥಳೀಯ ಆಡಳಿತ) ಭರಿಸಬೇಕು. ಮುಂದಿನ ದುರಸ್ತಿಗೆ ಹೆದರಿ ಹಿಂಜರಿಯುತ್ತಿದ್ದ ಮಾಲೀಕರು (ಅವರ ಹೆದರಿಕೆ ಅಸಹಜವೇನಲ್ಲ) ಇದನ್ನು ತಿಳಿದ ಮೇಲೆಯೇ ಸಹಿ ಹಾಕಿದ್ದು.

ಅರ್ಜಿ ಬರೆಯುವವರು ಕಾಲುದಾರಿಗಳ ತೆರಪು, ಗೇಟು, ತಡಮೆಗಳ ಕುರಿತಾದ ಬ್ರಿಟಿಷ್ ಮಾನದಂಡ 5709 ಅನ್ನು ಗಮನಿಸಿರಿ: ಅದರ ಮೊದಲ ಆಯ್ಕೆ ಬರಿಯ ತೆರಪು, ಅದಾಗದಿದ್ದರೆ ಮಾತ್ರ ಗೇಟು. ಕುರಿಗಳು ಮೇಯುವ ಹೊಲವಾದ್ದರಿಂದ ತೆರಪು ಬಿಡಲಾಗದು ಎಂದು ನಾವು ಸ್ಪಷ್ಟವಾಗಿ ಬರೆಯಬೇಕಾಯಿತು.