ಬಿಪಿ ಕಡಿಮೆ, ಎದೆಬಡಿತ ಜಾಸ್ತಿ: ನಿಮಗೆ ಕೊನೆಗೆ ಏನು ಕಾರಣ ಸಿಕ್ಕಿತು?

ಚಿತ್ರದುರ್ಗದಿಂದ: ನನ್ನ ಹೆಂಡತಿಗೆ 36 ವರ್ಷ. ಮೂರು ವಾರದಿಂದ ಬಿಪಿ 92/60ರ ಹತ್ತಿರ, ಪಲ್ಸ್ 110ರ ಮೇಲೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಇಸಿಜಿ, ಥೈರಾಯ್ಡ್ ಸರಿ ಇವೆ. ಹಿಮೋಗ್ಲೋಬಿನ್ 10.4. ನೀರು ಜಾಸ್ತಿ ಕುಡಿಯಲು ಹೇಳಿ ಕಳಿಸಿದರು. ಹೀಗೆ ಆದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಹಾಸನದಿಂದ: ನೀರು ಕುಡಿಯಿರಿ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಅಪ್ಪನಿಗೆ ಬಿಪಿ 86/50, ಪಲ್ಸ್ 124. ಊರಿನ ಕ್ಲಿನಿಕ್‌ನಲ್ಲಿ ಎರಡು ದಿನ ಗ್ಲೂಕೋಸ್ ಹಾಕಿದರು, ಸಲಕ್ಕೆ 650 ರೂಪಾಯಿ. ಹಾಕಿದಾಗ ಚೆನ್ನಾಗಿರುತ್ತಿದ್ದರು, ಸಂಜೆಗೆ ಮತ್ತೆ ಅದೇ ಗತಿ. ಮೂರನೇ ದಿನ ಟಾಯ್ಲೆಟ್ ತೊಳೆಯಲು ಹೋದ ಅಮ್ಮ ನನ್ನನ್ನು ಕೂಗಿದರು. ಮೋಷನ್ ಟಾರಿನ ಹಾಗೆ ಕಪ್ಪಗೆ, ಅಂಟು ಅಂಟು. ಎರಡು ಬಕೆಟ್ ನೀರು ಹೊಯ್ದರೂ ಬಿಡುತ್ತಿರಲಿಲ್ಲ. ಮಂಡಿನೋವಿಗೆ ಅಂತ ಏಳು ತಿಂಗಳು ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಾವೇ ತಂದು ನುಂಗಿದ್ದರು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತ ಹೋಗುತ್ತಿತ್ತು. ಹಿಮೋಗ್ಲೋಬಿನ್ 5.9! ನಾಲ್ಕು ಬಾಟಲಿ ರಕ್ತ, ಒಂದಕ್ಕೆ 1,550ರಂತೆ 6,200. ಎಂಡೋಸ್ಕೋಪಿ ಮಾಡಿ ಕ್ಲಿಪ್ ಹಾಕಿದ್ದಕ್ಕೆ 24,000. ಐಸಿಯು ಮೂರು ದಿನ, 31,500. ಔಷಧಿ 16,740. ಒಟ್ಟು 78,440. ಅಮ್ಮನ ಎರಡು ಬಳೆ ಅಡವಿಟ್ಟೆವು.

ಶಿವಮೊಗ್ಗದಿಂದ: ರಕ್ತದ ಕಥೆ ಇರಲಿ. ಇಸಿಜಿ ಸರಿ ಇದೆ ಅಂದರೆ, ಯಾವಾಗ ತೆಗೆದದ್ದು ಅಂತ ಕೇಳಿ. ನನಗೆ ನಾಲ್ಕು ವರ್ಷ ಟೆನ್ಷನ್ ಅಂತಲೇ ಹೇಳಿದರು, ನಿದ್ದೆ ಮಾತ್ರೆ ಕೊಟ್ಟರು. ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತಿದ್ದರೆ ಒಮ್ಮೆಲೇ ಎದೆ ಹೊಡೆದುಕೊಳ್ಳಲು ಶುರು. ಕತ್ತಿನಲ್ಲಿ ಪಟಪಟ ಅನ್ನುವುದು ಮಗಳಿಗೂ ಕಾಣುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿರುತ್ತಿತ್ತು, ಇಸಿಜಿ ನಾರ್ಮಲ್. ಐದನೇ ವರ್ಷ ಒಂದು ರಾತ್ರಿ ನಿಲ್ಲಲೇ ಇಲ್ಲ. ಪಲ್ಸ್ 194, ಬಿಪಿ 84/50. ಆಗ ಸಿಕ್ಕಿಬಿತ್ತು, ಎಸ್‌ವಿಟಿ. ಹೃದಯದ ಕರೆಂಟ್ ದಾರಿ ತಪ್ಪಿ ಬಡಿತ ಒಮ್ಮೆಲೇ ಓಡುವ ಕಾಯಿಲೆ. ಅದನ್ನು ನಿಲ್ಲಿಸುವ ಅಡಿನೋಸಿನ್ ಇಂಜೆಕ್ಷನ್ 6 ಎಂಜಿಗೆ ಬಗ್ಗಲಿಲ್ಲ. 12 ಕೊಟ್ಟಾಗ ಎರಡು ಮೂರು ಸೆಕೆಂಡ್ ಜೀವವೇ ಹೋದ ಹಾಗಾಯಿತು. ಆಮೇಲೆ ಉಕ್ಕುವ ಹಾಲಿನ ಕೆಳಗೆ ಗ್ಯಾಸ್ ಆರಿಸಿದ ಹಾಗೆ ಎಲ್ಲ ಕೂತುಬಿಟ್ಟಿತು. ಹೃದಯದೊಳಗೆ ತಂತಿ ಹಾಕಿ ಆ ತಪ್ಪು ದಾರಿಯನ್ನು ಸುಡುವ ಅಬ್ಲೇಷನ್ ಮಾಡಿಸಿದೆ, 1,72,000. ಇನ್ಶೂರೆನ್ಸ್‌ನವರು ಅದರಲ್ಲಿ 23,600 ಕೊಡಲಿಲ್ಲ. ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರ ಇಲ್ಲ. ಆದರೆ ಎರಡು ವರ್ಷದಿಂದ ಒಂದು ಮಾತ್ರೆಯೂ ಇಲ್ಲ. ಮನೆಯವರೆಲ್ಲ ಬೇಡ ಅಂದಿದ್ದರು, ನಾನೇ ಹಟ ಹಿಡಿದು ಮಾಡಿಸಿಕೊಂಡೆ.

ಹಾಸನದಿಂದ: ಅಕ್ಕಾ, ರಕ್ತದ ಕಥೆ ಇರಲಿ ಅನ್ನಬೇಡಿ. ಬಡಿತ ಜೋರು ಅಂತ ನಮ್ಮಪ್ಪನನ್ನೂ ಮೊದಲು ಹೃದಯದ ಡಾಕ್ಟರ ಹತ್ತಿರವೇ ಕಳಿಸಿದ್ದು. ಹೃದಯದ ಸ್ಕ್ಯಾನ್, ಎಕೋಗೆ 1,800 ದಂಡ. ಹೃದಯ ಸರಿಯಾಗೇ ಇತ್ತು. ಇದ್ದ ಸ್ವಲ್ಪ ರಕ್ತವನ್ನು ಮೈಗೆಲ್ಲ ಮುಟ್ಟಿಸಲು ಅದು ಒದ್ದಾಡುತ್ತಿತ್ತು.

ಶಿವಮೊಗ್ಗದಿಂದ: ನಿಮ್ಮಪ್ಪನ ಬಗ್ಗೆ ನಾನು ಏನಂದೆ? ಪಲ್ಸ್ 120 ಬೇರೆ, 190 ಬೇರೆ ಅಂತ ಹೇಳುತ್ತಿದ್ದೇನೆ ಅಷ್ಟೇ.

ಉಡುಪಿಯಿಂದ: ನನ್ನ ತಮ್ಮನಿಗೆ ಡೆಂಗಿ. ಐದನೇ ದಿನ ಜ್ವರ ಬಿಟ್ಟಿತು, ಖುಷಿಯಲ್ಲಿ ಗಂಜಿ ಮಾಡಿಕೊಟ್ಟೆವು. ಪ್ಲೇಟ್ಲೆಟ್ 62,000 ಇತ್ತು, ಅದೊಂದನ್ನೇ ನೋಡುತ್ತಾ ಕೂತೆವು. ಸಂಜೆ ಕೈಕಾಲು ತಣ್ಣಗೆ, ಪಲ್ಸ್ 130, ಬಿಪಿ 88/74. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರು ಹೊರಗೆ ಸೋರಲು ಶುರುವಾಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಪಿಸಿವಿ 39 ಇದ್ದದ್ದು 51 ಆಗಿತ್ತು. ಮೇಲಿನ ಅಂಕಿ, ಕೆಳಗಿನ ಅಂಕಿ ಇಷ್ಟು ಹತ್ತಿರ ಬಂದರೆ ಶಾಕ್, ಅಂದರೆ ಮೈಗೆ ರಕ್ತ ಸಾಕಷ್ಟು ಮುಟ್ಟದ ಸ್ಥಿತಿ ಅಂತ ಐಸಿಯುನಲ್ಲಿ ಹೇಳಿದರು. ಚಿಕ್ಕಪ್ಪ ಪಪ್ಪಾಯಿ ಎಲೆ ರಸ ಕುಡಿಸಿ ನೋಡೋಣ ಅಂತ ಅರ್ಧ ದಿನ ತಡ ಮಾಡಿಸಿದ್ದರು. ಅದನ್ನು ಇವತ್ತಿಗೂ ಮರೆತಿಲ್ಲ.

ತುಮಕೂರಿನಿಂದ: ಪಪ್ಪಾಯಿ ಎಲೆಯನ್ನು ಸುಮ್ನೆ ಬೈಯಬೇಡಿ. ನನ್ನ ಮಗಳಿಗೆ ಡೆಂಗಿಯಲ್ಲಿ ಪ್ಲೇಟ್ಲೆಟ್ 18,000 ಇದ್ದದ್ದು ಮೂರೇ ದಿನದಲ್ಲಿ ಲಕ್ಷ ದಾಟಿತು. ಜೊತೆಗೆ ಮೆಡಿಕಲ್ ಶಾಪ್‌ನ ಕಿತ್ತಳೆ ರುಚಿಯ ಓಆರ್‌ಎಸ್ ಡಬ್ಬಿ, ದಿನಕ್ಕೆ ಆರು.

ಉಡುಪಿಯಿಂದ: ಸ್ವಾಮಿ, ಕಾಯಿಲೆಯ ಆ ಘಟ್ಟ ದಾಟಿದ ಮೇಲೆ ಪ್ಲೇಟ್ಲೆಟ್ ತಾನಾಗಿಯೇ ಏರುತ್ತದೆ. ನನ್ನ ತಮ್ಮ ಆ ರಸ ಕುಡಿದು ನಾಲ್ಕು ಸಲ ವಾಂತಿ ಮಾಡಿದ, ಇದ್ದ ನೀರೂ ಹೋಯಿತು. ಇನ್ನು ಆ ಡಬ್ಬಿ. ಅದರಲ್ಲಿ ಹೆಚ್ಚಿನವು ಬರೀ ಸಕ್ಕರೆ ನೀರು. ಸರಿಯಾದ ಸೂತ್ರ ಇಲ್ಲದ ಪಾನೀಯಕ್ಕೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶವೇ ಮಾಡಿದೆ. ಒಂದು ಲೀಟರ್ ನೀರಿಗೆ ಕಲಸುವ ಪುಡಿ ಪ್ಯಾಕೆಟ್ ತನ್ನಿ.

ತುಮಕೂರಿನಿಂದ: ನನ್ನ ಮಗಳು ಎದ್ದು ಓಡಾಡಿದ್ದು ಸುಳ್ಳಾ ಹಾಗಾದರೆ?

ಧಾರವಾಡದಿಂದ: ಜಗಳ ಬಿಡಿ. ನನ್ನ ಕಾರಣ ಇಲ್ಲಿ ಯಾರೂ ಹೇಳಿಲ್ಲ. ಎಂಟು ತಿಂಗಳಲ್ಲಿ 58 ಕೆಜಿಯಿಂದ 46ಕ್ಕೆ ಇಳಿದೆ. ಬಿಪಿ 84/54, ಎದ್ದರೆ ಪಲ್ಸ್ 130. ಉಪ್ಪಿನ ಆಸೆ ಎಷ್ಟಿತ್ತೆಂದರೆ, ರಾತ್ರಿ ಎದ್ದು ಉಪ್ಪಿನಕಾಯಿ ಭರಣಿಗೆ ಬೆರಳು ಅದ್ದಿ ನೆಕ್ಕುತ್ತಿದ್ದೆ. ಅಂಗೈ ಗೆರೆ, ವಸಡು ಕಪ್ಪಾದವು. ಬಿಸಿಲಲ್ಲಿ ತಿರುಗಬೇಡ ಅನ್ನುತ್ತಿದ್ದರು ನಮ್ಮ ಅತ್ತೆ. ಏಳು ಡಾಕ್ಟರು, 46,000 ರೂಪಾಯಿ. ಹಿಡಿದುಕೊಟ್ಟದ್ದು ಬೆಳಿಗ್ಗೆ 8 ಗಂಟೆಗೆ ರಕ್ತ ತೆಗೆದು ನೋಡಿದ ಕಾರ್ಟಿಸಾಲ್ ಹಾರ್ಮೋನು, 650 ರೂಪಾಯಿಯ ಟೆಸ್ಟ್. ಚಿಕ್ಕಂದಿನಲ್ಲಿ ಬಂದಿದ್ದ ಟಿಬಿ, ಆ ಹಾರ್ಮೋನು ಮಾಡುವ ಅಡ್ರಿನಲ್ ಗ್ರಂಥಿಯನ್ನು ತಿಂದುಹಾಕಿತ್ತು. ಅಡಿಸನ್ ಕಾಯಿಲೆ ಅಂದರು. ಈಗ ಅದರ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಾ ಬೇಕು, ಬಿಡುವ ಹಾಗಿಲ್ಲ.

ಚಿತ್ರದುರ್ಗದಿಂದ: ಎಲ್ಲರದ್ದೂ ಓದಿ ಅವಳನ್ನು ಕೂರಿಸಿಕೊಂಡು ಕೇಳಿದೆ. ಅಂಗೈ ಕಪ್ಪಿಲ್ಲ, ಮೋಷನ್ ಸರಿ ಇದೆ. ಆದರೆ ಹೋದ ತಿಂಗಳು ಮುಟ್ಟು ಆಗಲಿಲ್ಲವಂತೆ, ಈಗ ಒಂದು ವಾರದಿಂದ ಸ್ವಲ್ಪ ಸ್ವಲ್ಪ ಹೋಗುತ್ತಿದೆ. ಎಡಗಡೆ ಕಿಬ್ಬೊಟ್ಟೆ ನೋವಂತೆ. ಸೋಮವಾರ ತೋರಿಸಬೇಕು ಅಂದುಕೊಂಡಿದ್ದೇವೆ.

ಧಾರವಾಡದಿಂದ: ಅಣ್ಣಾ, ಸೋಮವಾರ ಬೇಡ, ಈಗಲೇ ಹೊರಡಿ. ಗರ್ಭ, ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ನಿಂತಿದ್ದರೆ ಹೀಗೇ ಆಗುವುದು. ಒಡೆದರೆ ಒಳಗೇ ರಕ್ತ ತುಂಬುತ್ತದೆ. ಪ್ರೆಗ್ನೆನ್ಸಿ ಟೆಸ್ಟ್, ಸ್ಕ್ಯಾನಿಂಗ್ ಎರಡೂ ಇರುವ ಆಸ್ಪತ್ರೆಗೆ ಹೋಗಿ. ಬೈಕ್ ಬೇಡ, 108ಕ್ಕೆ ಫೋನ್ ಮಾಡಿ.

ಹಾಸನದಿಂದ: ರಕ್ತ ಕೊಡುವವರನ್ನು ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮಗೆ ರಾತ್ರಿ ಹನ್ನೊಂದಕ್ಕೆ ಹುಡುಕಿ ಹುಡುಕಿ ಸಾಕಾಯಿತು.

ಚಿತ್ರದುರ್ಗದಿಂದ: ಹೊರಟೆವು.